ಹಿತ್ತಿಲ ಒಲೆ

ಮಲೆನಾಡಿನ ಹಳೆಯ ಮನೆಗಳಲ್ಲಿ ಎರಡು ಒಲೆಗಳಿರುತ್ತಿದ್ದವು. ಒಂದು ಅಡುಗೆಮನೆಯೊಳಗಿನದು. ಬೆಳಿಗ್ಗೆ ಎದ್ದು ಸಾರಿಸಿ, ಎರಡೆಳೆ ರಂಗೋಲಿ ಎಳೆದು, ಕೈಮುಗಿದು ಬೆಂಕಿ ಹಚ್ಚುವಂಥದು. ಇನ್ನೊಂದು ಹಿತ್ತಿಲಿನದು. ಬಚ್ಚಲಿನ ಪಕ್ಕದಲ್ಲಿ ಸೌದೆ ಒಟ್ಟಿದ ಮಾಡಿನ ಕೆಳಗೆ ಮೂರು ಕಲ್ಲು ಇಟ್ಟು ಮಾಡಿದ್ದು. ದನಕ್ಕೆ ಹುರುಳಿ ಬೇಯುವುದು, ಭತ್ತ ಕುಸುಬುವುದು, ಬಾಣಂತಿಗೆ ನೀರು ಕಾಯುವುದು ಎಲ್ಲ ಅಲ್ಲೇ. ನನ್ನ ಅತ್ತೆ ಹಂದಿಮಾಂಸ ಬೇಯಿಸುತ್ತಿದ್ದದ್ದೂ ಅಲ್ಲೇ. ಅದಕ್ಕೆಂದೇ ಒಂದು ಮಣ್ಣಿನ ಗಡಿಗೆ, ಒಂದು ತೆಂಗಿನ ಚಿಪ್ಪಿನ ಸೌಟು ಇದ್ದವು. ಕೆಲಸ ಮುಗಿದ ಮೇಲೆ ಬೂದಿಯಲ್ಲಿ ತಿಕ್ಕಿ ಮಾಡಿನ ಗಳುವಿಗೆ ನೇತುಹಾಕುತ್ತಿದ್ದರು. ಅವು ಹೊಸ್ತಿಲು ದಾಟಿ ಒಳಗೆ ಬಂದದ್ದನ್ನು ನಾನು ನೋಡಲಿಲ್ಲ.

ನಾನು ಕಡೂರು ಕಡೆಯ ಬಯಲುಸೀಮೆಯವಳು. 1980ರಲ್ಲಿ ಮದುವೆಯಾಗಿ ಕಳಸದ ಹತ್ತಿರದ ಹಳ್ಳಿಗೆ ಬಂದೆ. ತವರಿನಲ್ಲಿ ಕುರಿ, ಕೋಳಿಗೆ ಕೊರತೆಯಿರಲಿಲ್ಲ. ಆದರೆ ಹಂದಿ ಎಂದರೆ ನಮಗೆ ಬೈಗುಳದ ಮಾತು. ಮದುವೆಯಾದ ವರ್ಷ ಪುನರ್ವಸು ಮಳೆ ಹಿಡಿದಿತ್ತು. ವಾರದಿಂದ ಸೂರ್ಯನ ಮುಖ ಕಂಡಿರಲಿಲ್ಲ. ಹಿತ್ತಿಲಲ್ಲಿ ಏನೋ ಕುದಿಯುವ ವಾಸನೆ ಬಂತೆಂದು ಹೋಗಿ ನೋಡಿದವಳು, ಅದು ಹಂದಿಯೆಂದು ತಿಳಿದದ್ದೇ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಅತ್ತೆ ಗಡಿಗೆಯಿಂದ ಕಣ್ಣು ತೆಗೆಯದೆ ಹೇಳಿದರು: "ಬೇಡದಿದ್ರೆ ತಿನ್ನಬೇಡ ಮಗಾ. ಮೂಗು ಮುಚ್ಕೊಂಡು ಮಾತ್ರ ನಿಲ್ಲಬೇಡ. ಬೇಯೋ ಪದಾರ್ಥಕ್ಕೆ ಬೇಜಾರಾಗುತ್ತೆ."

ಬೇಯುವ ಪದಾರ್ಥಕ್ಕೆ ಬೇಜಾರಾಗುತ್ತದೆ ಎಂಬ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ನಗು ಬಂತು. ಸೆರಗು ಕೆಳಗಿಳಿಸಿದೆ.

ಆಮೇಲಾಮೇಲೆ ಅವರು ಮಾಡುವುದನ್ನು ನೋಡುತ್ತ ನೋಡುತ್ತ ಕಲಿತೆ. ತೌಡು, ಕೆಸುವಿನ ಗೆಡ್ಡೆ ತಿಂದು ಬೆಳೆದ ಸಾಕು ಹಂದಿಯ ಮಾಂಸವೇ ಆಗಬೇಕು. ಚರ್ಮ, ಕೊಬ್ಬು, ಮಾಂಸ ಮೂರೂ ಪ್ರತಿ ತುಂಡಿನಲ್ಲೂ ಇರಬೇಕು. ಹಿಂದಿನ ರಾತ್ರಿಯೇ ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಬೆಳ್ಳುಳ್ಳಿ, ಕುಟ್ಟಿದ ಕಾಳುಮೆಣಸು, ಹಿತ್ತಿಲಿನ ಜೀರಿಗೆಮೆಣಸು ಹಾಕಿ ಕಿವುಚಿ ಮುಚ್ಚಿಡುವುದು. ಒಣಗಿಸಿಟ್ಟ ವಾಟೆಹುಳಿಯನ್ನು ನೆನೆಹಾಕಿದ ನೀರನ್ನು ಬೆಳಗಿನ ಜಾವ ಮಾತ್ರ ಸೇರಿಸುವುದು. "ಉಪ್ಪು ರಾತ್ರಿಯೆಲ್ಲ ಇರಲಿ, ಹುಳಿ ಒಂದೆರಡು ಗಳಿಗೆ ಸಾಕು" ಎನ್ನುತ್ತಿದ್ದರು. ಹುಳಿ ಹೆಚ್ಚು ಹೊತ್ತು ಕೂತರೆ ಮಾಂಸದ ಮೇಲ್ಮೈ ಮೆತ್ತಗಾಗಿ ಹಿಟ್ಟುಹಿಟ್ಟಾಗುತ್ತದೆ. ಉಪ್ಪು ಮಾತ್ರ ನಿಧಾನವಾಗಿ ಒಳಕ್ಕೆ ಇಳಿಯುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದು ಎಷ್ಟೋ ವರ್ಷಗಳ ನಂತರ. ಎಣ್ಣೆಯ ತೊಟ್ಟೂ ಬೇಡ, ತನ್ನ ಕೊಬ್ಬಿನಲ್ಲೇ ಅದು ಬೇಯುತ್ತದೆ. ಕೊನೆಗೆ ಒಂದು ಹಿಡಿ ಅಕ್ಕಿಯನ್ನು ಕೆಂಪಗೆ ಹುರಿದು, ಒರಳಿನಲ್ಲಿ ಕುಟ್ಟಿ, ಆ ಪುಡಿ ಉದುರಿಸಿದರೆ ಸಾರು ಗಟ್ಟಿಯಾಗಿ ತುಂಡಿಗೆ ಅಂಟಿಕೊಳ್ಳುತ್ತಿತ್ತು. ಕಡುಬಿನ ಜೊತೆ ಬಾಳೆಲೆಯಲ್ಲಿ ಹಾಕಿಕೊಂಡು, ಹಿತ್ತಿಲ ಜಗಲಿಯಲ್ಲೇ ಕೂತು ತಿನ್ನುವುದು.

1983ರಲ್ಲಿ ನನ್ನ ಯಜಮಾನರಿಗೆ ಕುದುರೆಮುಖದ ಗಣಿಯಲ್ಲಿ ಕೆಲಸ ಸಿಕ್ಕಿತು. ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾಗಿತ್ತು. ಕಾಡಿನ ನಡುವೆ ಸಾಲುಸಾಲು ಕ್ವಾರ್ಟರ್ಸು, ಶಾಲೆ, ಆಸ್ಪತ್ರೆ, ಕರೆಂಟು, ನಲ್ಲಿಯಲ್ಲಿ ನೀರು. ಹಳ್ಳಿಯಿಂದ ಬಂದ ನನಗೆ ಅದು ಅಮರಾವತಿ. ಗುಡ್ಡವನ್ನೇ ಒಡೆದು, ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದ ಊರು ಅದು. ವರ್ಷಕ್ಕೆ ಸುಮಾರು ಏಳು ಸಾವಿರ ಮಿಲಿಮೀಟರು ಮಳೆ. ಜೂನ್ ತಿಂಗಳಲ್ಲಿ ತೊಳೆದ ಬಟ್ಟೆ ಸೆಪ್ಟೆಂಬರಿನಲ್ಲಿ ಒಣಗುತ್ತದೆ ಎಂದು ನಾವು ಹೆಂಗಸರು ತಮಾಷೆ ಮಾಡುತ್ತಿದ್ದೆವು.

ಆ ಮಳೆಗೆ, ಆ ಚಳಿಗೆ ಹಂದಿಮಾಂಸ ಬೇಕೇ ಬೇಕು ಎನ್ನುವವರು ನಾವು ಒಬ್ಬರೇ ಆಗಿರಲಿಲ್ಲ. ಪಕ್ಕದ ಮನೆಯಲ್ಲಿ ಕಾರ್ಕಳ ಕಡೆಯ ಕ್ರೈಸ್ತರು. ಆಕೆಯನ್ನು ನಾನು ಬಾಯಮ್ಮ ಎಂದೇ ಕರೆಯುತ್ತಿದ್ದೆ. ಕ್ರಿಸ್‌ಮಸ್ ಬಂದರೆ ಸನ್ನಾಂ ಜೊತೆ ಬಾಫಾತ್ ಪುಡಿ ಹಾಕಿದ ದುಕ್ರಾಮಾಸ್. ಮದುವೆ ಮುಂಜಿಯಂಥ ದಿನಗಳಿಗೆ ಸಕ್ಕರೆ, ವಿನೆಗರು ಹಾಕಿದ ಸಿಹಿಹುಳಿ ಇಂದಾದ್. ಮಾಂಸವನ್ನು ವಿನೆಗರು, ಬೆಳ್ಳುಳ್ಳಿಯಲ್ಲಿ ನೆನೆಸಿಡುವ ಪದ್ಧತಿ ಪೋರ್ಚುಗೀಸರ ಜೊತೆ ಗೋವೆಗೆ ಬಂದು, ಅಲ್ಲಿಂದ ವಲಸೆ ಬಂದ ಹಿರಿಯರ ಜೊತೆ ಮಂಗಳೂರಿಗೆ ಬಂತೆಂದು ಆಕೆಯೇ ಹೇಳಿದ್ದು. ಎರಡು ಮನೆ ಆಚೆ ಕೊಡಗಿನವರು. ಅವರದು ಕಾಚಂಪುಳಿ ಹಾಕಿದ ಕಪ್ಪನೆಯ ಪಂದಿಕರಿ, ಜೊತೆಗೆ ಕಡಂಬುಟ್ಟು. ಮೂರು ಮನೆಯ ಹುಳಿಯೂ ಬೇರೆ ಬೇರೆ: ಒಬ್ಬರದು ವಿನೆಗರು, ಒಬ್ಬರದು ಕಾಚಂಪುಳಿ, ನಮ್ಮದು ವಾಟೆಹುಳಿ. ಮೂರರ ಕೆಲಸ ಒಂದೇ, ಕೊಬ್ಬಿನ ಜಿಡ್ಡನ್ನು ನಾಲಿಗೆಯಿಂದ ಬಿಡಿಸುವುದು.

ಆದರೆ ಅವರಿಬ್ಬರ ಮನೆಯಲ್ಲಿ ಅದು ಹಬ್ಬದ ಅಡುಗೆ. ನಡುಮನೆಯಲ್ಲಿ, ನೆಂಟರ ನಡುವೆ, ಹೆಸರು ಹೇಳಿ ಬಡಿಸುವ ಅಡುಗೆ. ನಮ್ಮ ಮನೆಯಲ್ಲಿ ಹಾಗಿರಲಿಲ್ಲ. ಕ್ವಾರ್ಟರ್ಸಿನಲ್ಲಿ ಹಿತ್ತಿಲ ಒಲೆ ಇಲ್ಲವಲ್ಲ! ಇದ್ದದ್ದು ಒಂದೇ ಅಡುಗೆಮನೆ, ಅದರ ಕಿಟಕಿ ಎದುರುಮನೆಯ ಬಾಗಿಲಿಗೆ ಸರಿಯಾಗಿ. ಎದುರುಮನೆಯ ಅಕ್ಕ ಸಸ್ಯಾಹಾರಿಗಳು, ತುಂಬ ಒಳ್ಳೆಯವರು. ನನ್ನ ಎರಡನೆಯ ಬಾಣಂತನದಲ್ಲಿ ಹದಿನೈದು ದಿನ ಮೆಣಸಿನ ಸಾರು, ಅನ್ನ ಮಾಡಿ ಕಳಿಸಿದ ಕೈ ಅದು. ಒಂದು ಸಂಜೆ ಹೂ ಕಟ್ಟುತ್ತ ಕೂತಿದ್ದಾಗ ಮೆಲ್ಲಗೆ ಕೇಳಿದರು: "ಬೇಜಾರು ಮಾಡ್ಕೋಬೇಡಿ. ವರಾಹಸ್ವಾಮಿಯ ಬೆಟ್ಟದ ಬುಡದಲ್ಲೇ ಇದ್ದೀವಿ. ಅದನ್ನ ತಿನ್ನೋವಾಗ ನಿಮಗೆ ಏನೂ ಅನ್ನಿಸಲ್ವಾ?"

ಅವರು ಹೇಳಿದ್ದು ನಿಜವೇ. ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲ ಇರುವುದು ವರಾಹ ಪರ್ವತದಲ್ಲಿ. ಭೂಮಿಯನ್ನು ಎತ್ತಿ ತಂದು ದಣಿದು ಕೂತ ವರಾಹಸ್ವಾಮಿಯ ದಾಡೆಗಳಿಂದ ತೊಟ್ಟಿಕ್ಕಿದ ನೀರೇ ತುಂಗೆ, ಭದ್ರೆ ಆಯಿತೆಂಬುದು ಸ್ಥಳಪುರಾಣ. ನನಗೆ ಉತ್ತರ ಹೊಳೆಯಲಿಲ್ಲ. ಮುಖ ಬಿಸಿಯಾಯಿತು. ಅಂದಿನಿಂದ ನಮ್ಮ ಮನೆಯಲ್ಲಿ ಹಂದಿ ಬೇಯುವ ದಿನ ಕಿಟಕಿ ಮುಚ್ಚತೊಡಗಿತು. ಕುಕ್ಕರಿನ ಸೀಟಿಯ ವಾಸನೆ ಹೋಗಲೆಂದು ಊದಿನಕಡ್ಡಿ ಹಚ್ಚುತ್ತಿದ್ದೆ. ಶಾಲೆಗೆ ಹೋಗುವ ಮಗಳ ಕೈಯಲ್ಲಿ, "ಯಾರಾದರೂ ಕೇಳಿದರೆ ಮಟನ್ ಅನ್ನು" ಎಂದು ಹೇಳಿ ಡಬ್ಬಿ ಕೊಡುತ್ತಿದ್ದೆ.

ಊರಿಗೆ ಹೋದಾಗ ಎದುರುಮನೆ ಅಕ್ಕನ ಮಾತನ್ನು ಅತ್ತೆಗೆ ಹೇಳಿದೆ. ಅವರಿಗೆ ಕೋಪ ಬರಲಿಲ್ಲ. ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಸವರುತ್ತ ಇದ್ದು, "ಅವರ ಮನಸ್ಸಿಗೆ ಕಂಡದ್ದು ಅವರು ಕೇಳಿದ್ರು. ತಪ್ಪೇನಿದೆ? ದಾಡೆಯ ನೀರು ಅವರೂ ಕುಡೀತಾರೆ, ನಾವೂ ಕುಡೀತೀವಿ. ನಾವು ಆ ಸ್ವಾಮಿಗೂ ಕೈಮುಗಿದೇ ತಿಂದದ್ದು. ಕದ್ದು ತಿಂದಿಲ್ಲ" ಎಂದರು. ಕಿಟಕಿ, ಊದಿನಕಡ್ಡಿ, ಮಗಳ ಡಬ್ಬಿಯ ವಿಷಯ ನಾನು ಅವರಿಗೆ ಹೇಳಲಿಲ್ಲ.

ಕುದುರೆಮುಖ ಸುತ್ತಲಿನ ಕಾಡು 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಒಂದೊಂದೇ ಮನೆ ಖಾಲಿಯಾಯಿತು. ಬಾಯಮ್ಮ ಕಾರ್ಕಳಕ್ಕೆ, ಕೊಡಗಿನವರು ಕೊಡಗಿಗೆ, ಎದುರುಮನೆ ಅಕ್ಕ ಬೆಂಗಳೂರಿಗೆ. ನಾವು ಚಿಕ್ಕಮಗಳೂರಿನಲ್ಲಿ ಒಂದು ಬಾಡಿಗೆ ಮನೆಯ ಮಹಡಿಗೆ ಬಂದೆವು. ಕೆಳಗೆ ಮನೆಯ ಯಜಮಾನರು. ಮನೆ ಕೊಡುವಾಗಲೇ, "ಮಾಂಸ ಮಡ್ಡಿ ಇಲ್ಲ ತಾನೇ?" ಎಂದು ಕೇಳಿದ್ದರು. "ಇಲ್ಲ" ಎಂದಿದ್ದೆವು. ನಿಮಗೂ ಬಾಡಿಗೆ ಮನೆ ಹುಡುಕಿದ ಅನುಭವವಿದ್ದರೆ ಆ 'ಇಲ್ಲ'ದ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

2009ರಲ್ಲಿ ಅತ್ತೆ ನಮ್ಮ ಜೊತೆಗೆ ಬಂದರು. ಕಾಲು ಸೋತಿತ್ತು, ಕಣ್ಣು ಮಂಜಾಗಿತ್ತು, ನಾಲಿಗೆ ಮಾತ್ರ ಚುರುಕಾಗಿತ್ತು. ಮಳೆಗಾಲದ ಒಂದು ಮಧ್ಯಾಹ್ನ ಹಾಸಿಗೆಯ ಮೇಲಿಂದಲೇ ಕೇಳಿದರು: "ಒಂದು ಚೂರು ಹಂದಿ ಮಾಡ್ತೀಯೇನೇ? ವಾಟೆಹುಳಿ ಹಾಕಿ?" ನಾನು "ಮುಂದಿನ ವಾರ ಅತ್ತೆ" ಎಂದೆ. ಮುಂದಿನ ವಾರ ಮತ್ತೆ ಕೇಳಿದರು. "ಡಾಕ್ಟರು ಕೊಬ್ಬು ಬೇಡ ಅಂದಿದ್ದಾರಲ್ಲ" ಎಂದೆ. ಡಾಕ್ಟರು ಎಣ್ಣೆ ಕಡಿಮೆ ಮಾಡಿ ಎಂದಿದ್ದರಷ್ಟೆ. ಮೂರನೆಯ ಸಲ ಕೇಳಿದಾಗ ನಾನು ಪಿಸುಮಾತಿನಲ್ಲಿ, "ಕೆಳಗಿನವರಿಗೆ ವಾಸನೆ ಹೋಗುತ್ತೆ ಅತ್ತೆ" ಎಂದು ನಿಜ ಹೇಳಿದೆ. ಅವರು ಕಣ್ಣು ತೆರೆದು ನನ್ನ ಕಡೆ ನೋಡಿದರು. "ಓ, ಹೌದಾ" ಎಂದರು. ಮತ್ತೆ ಕೇಳಲಿಲ್ಲ. 2011ರ ಆಷಾಢದಲ್ಲಿ ಹೋಗಿಬಿಟ್ಟರು.

ಬಾಯಮ್ಮನ ಮನೆಗೆ ಒಂದು ಫೋನು ಮಾಡಿದ್ದರೆ ಸಾಕಿತ್ತು. ಊರಿಗೆ ಒಂದು ದಿನ ಕರೆದುಕೊಂಡು ಹೋಗಿದ್ದರೂ ಆಗುತ್ತಿತ್ತು. ಈಗ ಎಷ್ಟೋ ದಾರಿಗಳು ಹೊಳೆಯುತ್ತವೆ. ಆಗ ಹೊಳೆದದ್ದು ಬಾಡಿಗೆ ಕರಾರು ಒಂದೇ.

ಮುಂದೆ ನಮ್ಮದೇ ಒಂದು ಸಣ್ಣ ಮನೆ ಆಯಿತು. ಹಿಂದೆ ನಾಲ್ಕು ಅಡಿ ಜಾಗ. ಅಲ್ಲಿ ಮಜ್ಜಿಗೆಹುಲ್ಲು, ಜೀರಿಗೆಮೆಣಸು, ಒಂದು ಹೇರಳೆ ಗಿಡ. ಆದರೂ ನಾನು ಹಂದಿ ಮಾಡಲಿಲ್ಲ. ಯಾರೂ ತಡೆಯುವವರಿರಲಿಲ್ಲ, ನನಗೇ ಮನಸ್ಸಾಗಲಿಲ್ಲ.

ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಆಫೀಸಿನ ಕೆಲಸಕ್ಕೆಂದು ಒಮ್ಮೆ ಬ್ಯಾಂಕಾಕಿಗೆ ಹೋಗಿದ್ದಳು. ಬರುವಾಗ ಒಂದು ಬಾಟಲಿ ಮೀನಿನ ಸಾಸು, ಒಂದಿಷ್ಟು ಹೊಸ ಉತ್ಸಾಹ ತಂದಳು. "ಅಮ್ಮಾ, ಅಲ್ಲಿ ಬೆಳಿಗ್ಗೆ ಬೆಳಿಗ್ಗೆಯೇ ರಸ್ತೆ ಬದಿ ಕೆಂಡದ ಮೇಲೆ ಕಡ್ಡಿಗೆ ಸಿಕ್ಕಿಸಿ ಸುಡ್ತಾರೆ. ಮೂ ಪಿಂಗ್ ಅಂತ. ಮೂ ಅಂದ್ರೆ ಹಂದಿ. ಆಫೀಸಿಗೆ ಹೋಗೋರು, ಸ್ಕೂಲಿಗೆ ಹೋಗೋ ಮಕ್ಕಳು ಎಲ್ಲಾ ನಿಂತು ತಿಂತಾರೆ. ಈ ಭಾನುವಾರ ನಿನ್ನ ಗೆಳತಿಯರನ್ನ ಕರಿ, ನಾನು ಮಾಡ್ತೀನಿ" ಎಂದಳು. ನಾನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಶನಿವಾರ ಸಂಜೆ ಅಡುಗೆಮನೆ ಅವಳ ವಶವಾಯಿತು. ಸಂತೆಯಿಂದ ಬೇರುಸಹಿತ ಕೊತ್ತಂಬರಿ ಕಟ್ಟು ತಂದು, ನಾವು ಕತ್ತರಿಸಿ ಬಿಸಾಡುವ ಆ ಬೇರುಗಳನ್ನೇ ತೊಳೆದು ಒಂದು ಹಿಡಿ ಎತ್ತಿಟ್ಟುಕೊಂಡಳು. ಹತ್ತು ಎಸಳು ಬೆಳ್ಳುಳ್ಳಿ, ಎರಡು ಚಮಚ ಕಾಳುಮೆಣಸಿನ ಜೊತೆ ಜಜ್ಜಿದಳು. ಬೇರು, ಬೆಳ್ಳುಳ್ಳಿ, ಮೆಣಸು, ಈ ಮೂವರನ್ನು ಥಾಯ್ ಜನ 'ಮೂರು ಗೆಳೆಯರು' ಎನ್ನುತ್ತಾರಂತೆ. ಅವರ ಭಾಷೆಯಲ್ಲಿ ಕಾಳುಮೆಣಸಿಗೆ 'ಥಾಯ್ ಮೆಣಸು' ಎಂದೇ ಹೆಸರು. ಮೆಣಸಿನಕಾಯಿ ಅಮೆರಿಕದಿಂದ ಅವರಿಗೂ ನಮಗೂ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. ಅದಕ್ಕೂ ಹಿಂದೆ ಖಾರವೆಂದರೆ ಕಾಳುಮೆಣಸೇ. ಕೊಬ್ಬು ಸಹಿತ ಒಂದು ಕಿಲೋ ಮಾಂಸವನ್ನು ತೆಳುವಾಗಿ ಉದ್ದುದ್ದಕ್ಕೆ ಹೆಚ್ಚಿ, ಜಜ್ಜಿದ್ದನ್ನೆಲ್ಲ ಸವರಿದಳು. ಮಜ್ಜಿಗೆಹುಲ್ಲಿನ ಬುಡದ ಬಿಳಿಭಾಗವನ್ನು ಸಣ್ಣಗೆ ಕೊಚ್ಚಿ ಹಾಕಿದಳು. ಮೂರು ಚಮಚ ಸೋಯಾ ಸಾಸು, ಒಂದು ಚಮಚ ಮೀನಿನ ಸಾಸು, ಎರಡು ಚಮಚ ಬೆಲ್ಲ, ಅರ್ಧ ಲೋಟ ತೆಂಗಿನ ಹಾಲು. ಬೇರೆ ಉಪ್ಪು ಹಾಕಲಿಲ್ಲ. ಸಣ್ಣ ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಇಟ್ಟು ಇಳಿಸಿದ ರಸ ಅದು, ಅದರಲ್ಲೇ ಬೇಕಾದಷ್ಟು ಉಪ್ಪು. ಮುಚ್ಚಿ ಫ್ರಿಜ್ಜಿನಲ್ಲಿಟ್ಟಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ಹಿತ್ತಿಲಿನದೇ ಸಾಮಾನು, ಹೆಸರು ಮಾತ್ರ ಬೇರೆ ದೇಶದ್ದು.

ಭಾನುವಾರ ಬೆಳಿಗ್ಗೆ ಸಾಸು. "ಇದು ಅವರ ಈಶಾನ್ಯ ಸೀಮೆಯ ಚಟ್ನಿ ಅಮ್ಮಾ" ಎನ್ನುತ್ತ, ಬಾಣಲೆ ಒಲೆಯ ಮೇಲಿಟ್ಟು ಎರಡು ಚಮಚ ಅಕ್ಕಿ ಸುರಿದಳು. ನಾನು ಹೊರಗೆ ಹೂ ಬಿಡಿಸುತ್ತಿದ್ದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಅಕ್ಕಿ ಕೆಂಪಗಾಗುವ ವಾಸನೆ ಬಂತು. ಕೈಯಲ್ಲಿದ್ದ ಹೂ ಅಲ್ಲೇ ಇಟ್ಟು ಒಳಗೆ ಹೋದೆ.

"ಇದನ್ನ ಯಾಕೆ ಹುರೀತಿದ್ದೀಯ?"

"ಪುಡಿ ಮಾಡಿ ಸಾಸಿಗೆ ಹಾಕ್ತಾರೆ. ಆಗ ಅದು ಗಟ್ಟಿಯಾಗಿ ಮಾಂಸಕ್ಕೆ ಅಂಟಿಕೊಳ್ಳುತ್ತೆ."

ನಾನು ಕುರ್ಚಿ ಎಳೆದುಕೊಂಡು ಕೂತೆ. ಮಗಳು ಹೆದರಿ ಒಲೆ ಆರಿಸಿ, "ಏನಾಯ್ತಮ್ಮಾ? ಬಿಪಿ ಮಾತ್ರೆ ತಗೊಂಡ್ಯಾ?" ಎಂದಳು. ಅಜ್ಜಿ ಮೂರು ಸಲ ಕೇಳಿದ್ದು, ನಾನು ಮೂರು ಸಲ ಹೇಳಿದ ಉತ್ತರ, ಎಲ್ಲವನ್ನೂ ಅವಳಿಗೆ ಹೇಳಿದೆ. ಇಷ್ಟು ವರ್ಷ ಯಜಮಾನರಿಗೂ ಹೇಳಿರಲಿಲ್ಲ. ಅವಳು ಏನೂ ಮಾತಾಡದೆ ಬಾಣಲೆಯ ಅಕ್ಕಿಯನ್ನು ಕೈಯಾಡಿಸುತ್ತಿದ್ದಳು. ನಾನು ಎದ್ದು ಕಪಾಟಿನ ಹಿಂದಿನಿಂದ ಡಬ್ಬಿಯೊಂದನ್ನು ತೆಗೆದೆ. ಊರಿನಿಂದ ವರ್ಷವರ್ಷವೂ ಬರುವ ವಾಟೆಹುಳಿ, ಬೇಳೆಸಾರಿಗೆ ಹಾಕಿ ಮುಗಿಸುತ್ತಿದ್ದೆ. "ಹುಣಸೆಹಣ್ಣು ಬೇಡ, ಇದನ್ನು ನೆನೆಹಾಕು" ಎಂದೆ. ವಾಟೆಹುಳಿಯ ಗಟ್ಟಿ ರಸ ಮೂರು ಚಮಚ, ಮೀನಿನ ಸಾಸು ಎರಡು, ಬೆಲ್ಲ ಒಂದು, ಅರ್ಧ ನಿಂಬೆಹಣ್ಣು, ಸುಟ್ಟು ಪುಡಿಮಾಡಿದ ಒಣಮೆಣಸಿನಕಾಯಿ, ಹುರಿದ ಅಕ್ಕಿಯ ಪುಡಿ, ಮೇಲೆ ಹೆಚ್ಚಿದ ಸಣ್ಣ ಈರುಳ್ಳಿ, ಕೊತ್ತಂಬರಿ. ಮಾಂಸವನ್ನು ಕಾದ ಕಾವಲಿಯ ಮೇಲೆ ಹರಡಿ, ಮುಚ್ಚಿ, ಒಳಗೆಲ್ಲೂ ಕೆಂಪು ಉಳಿಯದಂತೆ ಬೇಯಿಸಿದೆವು. ಹಂದಿಯನ್ನು ಅರೆಬೇಯಿಸಬಾರದು, ಹೊಟ್ಟೆಯಲ್ಲಿ ಲಾಡಿಹುಳುವಾಗುವ ಭಯ. ಕೊನೆಗೆ ಹೇರಳೆಯ ಎಳೆಯ ಎಲೆಯನ್ನು ಎಳೆಎಳೆಯಾಗಿ ಕತ್ತರಿಸಿ ಉದುರಿಸಿದೆವು.

ಗೆಳತಿಯರು ಬಂದರು. ತಿನ್ನದ ಇಬ್ಬರಿಗೆ ಬೇರೆಯಾಗಿ ಚಿತ್ರಾನ್ನ, ಕೋಸಂಬರಿ. ಉಳಿದವರಿಗೆ ಮಗಳು, "ಇದು ಥಾಯ್ ಪೋರ್ಕ್ ಆಂಟಿ" ಎಂದು ಬಡಿಸಿದಳು. ಹಿಂದೊಮ್ಮೆ ಇದೇ ನಡುಮನೆಯಲ್ಲಿ ಕೂತು "ಛೀ, ಹಂದಿಯನ್ನೂ ತಿನ್ನುತ್ತಾರಾ?" ಎಂದಿದ್ದವರು ಎರಡು ಸಲ ಹಾಕಿಸಿಕೊಂಡರು. ಮಾಡುವ ವಿಧಾನ ಬರೆದುಕೊಡು ಎಂದರು. ಆ ಹುಳಿ ಯಾವ ದೇಶದ್ದು ಎಂದೂ ಕೇಳಿದರು. "ಕಳಸದ್ದು" ಎಂದೆ. ತಮಾಷೆಯೆಂದು ಎಲ್ಲರೂ ನಕ್ಕರು.

ಅವರೆಲ್ಲ ಹೋದ ಮೇಲೆ ಪಾತ್ರೆ ತೊಳೆಯುತ್ತ, ನನಗೆ ಸಿಟ್ಟು ಬಂತು. "ಬ್ಯಾಂಕಾಕಿನ ಹೆಸರು ಹೇಳಿದ ಕೂಡಲೇ ಹೇಗೆ ತಿಂದರು ನೋಡು!" ಎಂದೆ. ಮಗಳು ತಟ್ಟೆ ಒರೆಸುತ್ತಿದ್ದವಳು ನಿಧಾನವಾಗಿ ಹೇಳಿದಳು: "ಅವರನ್ನ ಯಾಕೆ ಅಂತೀಯ ಅಮ್ಮ? ಡಬ್ಬಿ ಕೊಟ್ಟು ಮಟನ್ ಅನ್ನು ಅಂತ ನನಗೆ ಹೇಳಿಕೊಟ್ಟವಳು ನೀನೇ ಅಲ್ವಾ?"

ನನಗೆ ಆ ಮಾತಿಗೂ ಉತ್ತರ ಹೊಳೆಯಲಿಲ್ಲ.

ಆ ವರ್ಷ ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ ಮಗಳೂ ರಜೆ ಹಾಕಿ ಬಂದಳು. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಡೆಗೆ ಇಡುವುದು ಪದ್ಧತಿ. ಪ್ರತಿ ವರ್ಷ ಅತ್ತೆಗೆ ಕೋಳಿ, ಕಡುಬು, ಎಲೆಯಡಿಕೆ, ಹೊಗೆಸೊಪ್ಪು ಇಡುತ್ತಿದ್ದೆ. ಆ ಸಲ ಹಂದಿ ಇಡುತ್ತೇನೆಂದಾಗ ಯಜಮಾನರ ತಮ್ಮ, "ಅತ್ತಿಗೆ, ಅದು ಒಳಗಿನ ಒಲೆಗೆ ಬರುವ ಪದಾರ್ಥ ಅಲ್ಲ. ಅಮ್ಮನೇ ತರುತ್ತಿರಲಿಲ್ಲ" ಎಂದರು. ಅವರ ಮಾತೂ ನಿಜ. ಹಿತ್ತಿಲಿನ ನಾಲ್ಕು ಅಡಿ ಜಾಗದಲ್ಲಿ ಮೂರು ಇಟ್ಟಿಗೆ ಇಟ್ಟು ಬೆಂಕಿ ಹಚ್ಚಿದೆ. ಹಿಂದಿನ ರಾತ್ರಿ ಉಪ್ಪು, ಬೆಳಗಿನ ಜಾವ ಹುಳಿ. ಕಿಟಕಿಗಳೆಲ್ಲ ತೆರೆದೇ ಇದ್ದವು. ಬೇಲಿಯಾಚೆಯಿಂದ ಪಕ್ಕದ ಮನೆಯವರು ಇಣುಕಿ, "ಏನು ವಿಶೇಷ? ಘಮಘಮ ಬರ್ತಿದೆ" ಎಂದು ಕೇಳಿದರು.

"ಹಂದಿಮಾಂಸ. ನಮ್ಮ ಅತ್ತೆಗೆ ಎಡೆ ಇಡೋಕ್ಕೆ" ಎಂದೆ.

ಅವರು ಒಂದು ಕ್ಷಣ ತಡೆದು, "ಓ, ಹೌದಾ" ಎಂದು ಒಳಗೆ ಹೋದರು.

ಎಲೆಯ ತುದಿಗೆ ಮಗಳು ತನ್ನ ಪಾಲಿನ ಥಾಯ್ ಸಾಸನ್ನೂ ಒಂದು ಚಮಚ ಬಡಿಸಿದಳು. "ಅಜ್ಜಿಗೆ ಇದರ ಹೆಸರು ಏನಂತ ಹೇಳಲಿ?" ಎಂದು ಕೇಳಿದಳು. "ಏನೂ ಹೇಳಬೇಡ. ಹುರಿದ ಅಕ್ಕಿ ಬಾಯಿಗೆ ಸಿಕ್ಕರೆ ಅವರಿಗೇ ತಿಳಿಯುತ್ತೆ" ಎಂದೆ. ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತೆವು. ಒಳಗೆ ದೀಪ ಉರಿಯುತ್ತಿತ್ತು. ಹಿತ್ತಿಲಿನಲ್ಲಿ ಇಟ್ಟಿಗೆಯ ನಡುವೆ ಕೆಂಡ ಇನ್ನೂ ಆರಿರಲಿಲ್ಲ.